ಗಿಟಾರು ಉಳಿಯಿತು, ಅಂಕಿತ ಹೋಯಿತು

ಪದ ಹಾಡುವವರ ನಡುವೆ ಒಂದು ನಿಯಮವಿದೆ. ಹಾಡು ಎಷ್ಟೇ ಉದ್ದವಿರಲಿ, ಹಾಡುವವರಿಗೆ ಎಷ್ಟೇ ದಣಿವಾಗಿರಲಿ, ಕೊನೆಯ ಚರಣ ಬಿಟ್ಟು ಏಳುವಂತಿಲ್ಲ. ಏಕೆಂದರೆ ಅಲ್ಲಿ ಕವಿ ತನ್ನ ಅಂಕಿತ ಇಟ್ಟಿರುತ್ತಾನೆ. ನಡುವಿನ ಚರಣವೊಂದು ಮರೆತುಹೋದರೆ ಕ್ಷಮೆಯುಂಟು, ಅಂಕಿತ ಮರೆತರೆ ಇಲ್ಲ. ಈ ನಿಯಮವನ್ನು ನಾವು ಮುರಿದೆವು. ನಮ್ಮ ನುಡಿಸಾಣಿಕೆಯಲ್ಲಿ ನಾವೇ ಎಷ್ಟು ಮೈಮರೆತಿದ್ದೆವೆಂದರೆ, ಮುರಿದದ್ದೂ ನಮಗೆ ಗೊತ್ತಾಗಲಿಲ್ಲ.

ನಾವು ಎಂದರೆ ನಾಲ್ಕು ಜನ. ಚಿಕ್ಕಬಳ್ಳಾಪುರದವನು ಡ್ರಮ್ಸ್ ನುಡಿಸುತ್ತಾನೆ, ಗೌರಿಬಿದನೂರಿನವನು ಕೀಬೋರ್ಡು, ಶಿಡ್ಲಘಟ್ಟದವನು ಗಿಟಾರು. ಚಿಂತಾಮಣಿಯವನು ಹಾಡುತ್ತಾನೆ. ನಮ್ಮಲ್ಲಿ ಮಸೀದಿಗೆ ಹೋಗುವವರಿದ್ದಾರೆ, ಭಜನೆಯ ಮನೆಯಲ್ಲಿ ಬೆಳೆದವರಿದ್ದಾರೆ, ಎರಡಕ್ಕೂ ಹೋಗದವರೂ ಇದ್ದಾರೆ. ಕಾಲೇಜು ದಿನಗಳಿಂದ ನಮಗೆ ಅಂಟಿದ ಹುಚ್ಚು ಪ್ರೋಗ್ರೆಸಿವ್ ರಾಕ್. ಆ ಹುಚ್ಚಿನಲ್ಲೇ, ನಮ್ಮ ಸೀಮೆಯ ಪದಗಳನ್ನು ಇಟ್ಟುಕೊಂಡು ಒಂದು ಆಲ್ಬಂ ಮಾಡಲು ಹೊರಟೆವು. ಮೊದಲಿಗೆ ಸಿದ್ಧವಾದದ್ದು ಕೈವಾರದ ತಾತಯ್ಯನವರ ಒಂದು ಪದ. ಹದಿನಾಲ್ಕು ನಿಮಿಷದ ರಚನೆ. ಅದರಲ್ಲಿ ಮೂರು ಕಡೆ ತಾಳ ಬದಲಾಗುತ್ತಿತ್ತು, ಎರಡು ಕಡೆ ಶ್ರುತಿ ಬದಲಾಗುತ್ತಿತ್ತು, ನಡುವೆ ಮೂರು ನಿಮಿಷ ಗಿಟಾರಿನ ಸೋಲೋ. ನಮಗೆ ಹೆಮ್ಮೆಯೋ ಹೆಮ್ಮೆ.

ಶಿಡ್ಲಘಟ್ಟದ ಒಂದು ನೂಲು ಬಿಚ್ಚುವ ಘಟಕದ ಅಂಗಳದಲ್ಲಿ, ಕೆಲಸ ಮುಗಿದ ಸಂಜೆ, ಅಲ್ಲಿನವರಿಗೆ ಅದನ್ನು ಕೇಳಿಸಿದೆವು. ಎಲ್ಲರೂ ಸೌಜನ್ಯದಿಂದ ತಲೆಯಾಡಿಸಿದರು. ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನ ಎಳೆ ಹಿಡಿಯುತ್ತ ಆಯುಷ್ಯ ಕಳೆದ ಒಬ್ಬ ಖಾಲಾ ಮಾತ್ರ ಕೊನೆಯವರೆಗೂ ಏನನ್ನೋ ಕಾಯುತ್ತಿದ್ದವರಂತೆ ಕಂಡರು. ಮುಗಿದ ಮೇಲೆ ಕೇಳಿದರು: "ಎಲ್ಲಾ ಚೆನ್ನಾಗಿತ್ತು ಕಣ್ರಪ್ಪಾ. ತಾತಯ್ಯ ಯಾಕೆ ಬರಲಿಲ್ಲ?"

ನಮಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹಾಡು ಉದ್ದವಾಯಿತೆಂದು ನಾವು ಎರಡು ಚರಣ ಬಿಟ್ಟಿದ್ದೆವು. ಅದರಲ್ಲಿ ಕೊನೆಯದೂ ಒಂದು. ಮೂರು ನಿಮಿಷದ ಸೋಲೋ ಬಿಡಬಹುದೆಂದು ಮಾತ್ರ ನಮ್ಮಲ್ಲಿ ಒಬ್ಬರಿಗೂ ತೋಚಿರಲಿಲ್ಲ.

ಅಂದಿನಿಂದ ನಾವು ಆಲ್ಬಮ್ಮನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಹದಿನಾಲ್ಕು ನಿಮಿಷ ಆರೂವರೆಗೆ ಇಳಿಯಿತು. ಚರಣಗಳೆಲ್ಲ ವಾಪಸು ಬಂದವು. ಸೋಲೋ ಎಂಟು ಆವರ್ತಕ್ಕೆ ನಿಂತಿತು. ಉಳಿದ ಹಾಡುಗಳನ್ನೂ ಹೀಗೇ ಕಟ್ಟಿದೆವು. ಆಗ ಬೆಂಗಳೂರಿನ ಕೆಲವು ಗೆಳೆಯರು, "ಇದು ಪ್ರೋಗ್ರೆಸಿವ್ ಅಲ್ಲ, ನೀವು ಸಿನಿಮಾ ಹಾಡಿಗೆ ಇಳಿದುಬಿಟ್ಟಿರಿ" ಎಂದರು. ಈ ಲೇಖನ ಅವರಿಗೆ ಉತ್ತರ. ಅವರಿಗಷ್ಟೇ ಅಲ್ಲ, ತತ್ವಪದ, ಸೂಫಿ, ಜಾನಪದ ಎಂಬ ಹೆಸರಿನಲ್ಲಿ ಇವತ್ತು ವೇದಿಕೆ ಹತ್ತುತ್ತಿರುವ ಎಲ್ಲರಿಗೂ ನಾವು ಕೇಳಬೇಕಾದ ಪ್ರಶ್ನೆಗಳು ಇದರಲ್ಲಿವೆ. ಆ ಪ್ರಶ್ನೆಗಳನ್ನು ಮೊದಲು ನಮಗೇ ಕೇಳಿಕೊಂಡಿದ್ದೇವೆ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಸೀಮೆಯವರಾಗಿ, ಪರರನ್ನು ಪ್ರಶ್ನಿಸುವ ಮೊದಲು ತನ್ನನ್ನು ಪ್ರಶ್ನಿಸಿಕೊಳ್ಳುವುದು ನಮಗೆ ಹೊಸದೇನಲ್ಲ.

ಉದ್ದವೇ ಆಳವೇ?

ಪ್ರೋಗ್ರೆಸಿವ್ ರಾಕ್‌ನ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಇದು 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಗೀತ. ಮೂರು ನಿಮಿಷದ ಪ್ರೇಮಗೀತೆಯ ಚೌಕಟ್ಟು ಸಾಲದು ಎನಿಸಿದ ರಾಕ್ ವಾದಕರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಜಾನಪದಗಳಿಂದ ಎರವಲು ಪಡೆದು ದೊಡ್ಡ ದೊಡ್ಡ ರಚನೆಗಳನ್ನು ಕಟ್ಟಿದರು. ಆಗಿನ ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಇಪ್ಪತ್ತು ನಿಮಿಷದ ಸಂಗೀತ ಹಿಡಿಯುತ್ತಿತ್ತು. 1972ರಲ್ಲಿ 'ಯೆಸ್' ಎಂಬ ತಂಡ ಹದಿನೆಂಟು ನಿಮಿಷ ಮೀರಿದ ಒಂದೇ ಹಾಡಿನಿಂದ ಒಂದು ಬದಿಯನ್ನು ತುಂಬಿತು. ಅದೇ ವರ್ಷ 'ಜೆಥ್ರೋ ಟಲ್' ತಂಡ ತಟ್ಟೆಯ ಎರಡೂ ಬದಿಗಳಿಗೆ ಹರಡಿದ ಒಂದೇ ರಚನೆಯನ್ನು ಹೊರತಂದಿತು. ಇವು ಸಣ್ಣ ಸಾಧನೆಗಳಲ್ಲ. ನಾವು ಇವನ್ನು ಕೇಳಿಯೇ ಬೆಳೆದವರು.

ಆದರೆ ಈ ಪಂಥದ ಯಾವ ಆಲ್ಬಂ ಸಾಮಾನ್ಯ ಕೇಳುಗನ ಮನೆಯಲ್ಲಿ ಉಳಿಯಿತು ಎಂದು ನೋಡಿ. 1973ರಲ್ಲಿ ಬಂದ ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ನೂರಾರು ವಾರ ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿತ್ತು. ಅದರಲ್ಲಿರುವುದು ಕಾಲ, ಹಣ, ಸಾವು, ಬುದ್ಧಿಭ್ರಮಣೆಗಳ ಬಗೆಗಿನ ಹಾಡುಗಳು. ಒಂದಕ್ಕೊಂದು ಹೊಂದಿಕೊಂಡ, ಒಂದೊಂದೂ ನಿಂತು ಹಾಡಬಹುದಾದ ಹಾಡುಗಳು. ಕೆನಡಾದ 'ರಶ್' ತಂಡ 1976ರಲ್ಲಿ ಇಪ್ಪತ್ತು ನಿಮಿಷದ ಕಥನವೊಂದನ್ನು ಮಾಡಿ ಹೆಸರು ಗಳಿಸಿತು. 1980ರ ಹೊತ್ತಿಗೆ ಅದೇ ತಂಡ ನಾಲ್ಕೈದು ನಿಮಿಷದ ಹಾಡುಗಳತ್ತ ತಿರುಗಿತ್ತು. ಅವರು ತಮ್ಮ ಜಟಿಲ ತಾಳಗಳನ್ನು ಬಿಡಲಿಲ್ಲ. ಅವನ್ನು ಹಾಡಿನೊಳಗೆ ಮಡಚಿಟ್ಟರು. ಅವರು 'ಇಳಿದರು' ಎಂದು ಯಾರಾದರೂ ಹೇಳಬಲ್ಲರೇ?

ತಾಳದ ವಿಷಯಕ್ಕೇ ಬರೋಣ. ನಾಲ್ಕರ ಲೆಕ್ಕ ಬಿಟ್ಟು ಐದು, ಏಳು ಮಾತ್ರೆಗಳಲ್ಲಿ ನುಡಿಸುವುದು ಈ ಸಂಗೀತದವರಿಗೆ ದೊಡ್ಡ ಹೆಗ್ಗಳಿಕೆ. ಪಿಂಕ್ ಫ್ಲಾಯ್ಡ್‌ನವರ ಹಣದ ಹಾಡು ಏಳರಲ್ಲಿ ನಡೆಯುತ್ತದೆ ಎಂದು ಇವತ್ತಿಗೂ ಬೆರಗಿನಿಂದ ಬರೆಯುತ್ತಾರೆ. ನಮ್ಮ ಭಜನೆಯ ಮನೆಗಳಲ್ಲಿ ಅಜ್ಜಿಯರು ಮಿಶ್ರಛಾಪುವಿನ ಏಳು ಮಾತ್ರೆಗೆ, ಖಂಡಛಾಪುವಿನ ಐದು ಮಾತ್ರೆಗೆ ಲೆಕ್ಕವಿಡದೆ ತಾಳ ಹಾಕುತ್ತಾರೆ. ಗಜಲ್ ಹಾಡುವವರು ರೂಪಕ್‌ನ ಏಳು ಮಾತ್ರೆಯಲ್ಲಿ ಸಲೀಸಾಗಿ ನಡೆಯುತ್ತಾರೆ. ಅವರು ಯಾರೂ ತಾಳವನ್ನು ಪ್ರದರ್ಶನಕ್ಕಿಡುವುದಿಲ್ಲ. ಮಾತಿನ ನಡಿಗೆಗೆ ಆ ತಾಳ ಬೇಕಿತ್ತು, ಹಾಕಿದರು, ಅಷ್ಟೆ. ನಾವು ಹದಿನಾಲ್ಕು ನಿಮಿಷ ಬೆವರು ಸುರಿಸಿ ಏಳನ್ನು ಐದಕ್ಕೆ, ಐದನ್ನು ಏಳಕ್ಕೆ ಜೋಡಿಸಿ, 'ಮುಂದುವರಿದ' ಸಂಗೀತ ಮಾಡಿದ್ದೇವೆ ಎಂದುಕೊಂಡಿದ್ದೆವು. ಖಾಲಾ ಅದನ್ನು ಗಮನಿಸಲೂ ಇಲ್ಲ. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ, ಇರಬೇಕಾದ್ದು ಇಲ್ಲದ್ದು ಮಾತ್ರ ಕಂಡಿತು.

ಅಂಕಿತ ಎಂದರೆ ಏನು?

ಅಂಕಿತವನ್ನು ಕೇವಲ ಸಹಿ ಎಂದು ತಿಳಿದವರಿದ್ದಾರೆ. ಇವತ್ತಿನ ಕರ್ನಾಟಕದಲ್ಲಿ ಅದು ಸಹಿಗಿಂತ ದೊಡ್ಡದು ಎಂಬುದೇ ನಮ್ಮ ವಾದದ ತಿರುಳು.

ಕೈವಾರ ಚಿಂತಾಮಣಿ ತಾಲೂಕಿನ ಊರು. ಅಲ್ಲಿನ ನಾರಾಯಣಪ್ಪ ಬಳೆ ಮಾರಿ ಬದುಕುತ್ತಿದ್ದವರೆಂದು ಜನ ನಂಬಿದ್ದಾರೆ. ಅವರೇ ಮುಂದೆ ಕೈವಾರದ ತಾತಯ್ಯ, ಯೋಗಿ ನಾರೇಯಣ ಯತೀಂದ್ರ ಎಂದು ಹೆಸರಾದರು. ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ಅವರ ಅಂಕಿತ 'ಅಮರನಾರೇಯಣ', ಅಂದರೆ ಅವರ ಊರಿನ ಗುಡಿಯ ದೇವರು. ಗುರುಪೂರ್ಣಿಮೆಯ ಸಂಗೀತೋತ್ಸವದಲ್ಲಿ ಕೈವಾರದಲ್ಲಿ ಮೂರು ದಿನ ಹಗಲು ರಾತ್ರಿ ಹಾಡು ನಿಲ್ಲುವುದಿಲ್ಲ.

ಅತ್ತ ಶಿಗ್ಗಾವಿಯ ಬಳಿಯ ಶಿಶುವಿನಹಾಳದ ಷರೀಫರು (1819-1889) ಮುಸ್ಲಿಂ ಮನೆಯಲ್ಲಿ ಹುಟ್ಟಿದವರು. ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಅವರ ಅಂಕಿತ 'ಶಿಶುನಾಳಧೀಶ', ಅಂದರೆ ಆ ಊರಿನ ಬಸವಣ್ಣ. ಒಬ್ಬ ಮುಸ್ಲಿಂ ಕವಿ ತನ್ನ ಹಾಡಿನ ಕೊನೆಗೆ ಊರ ಗುಡಿಯ ದೇವರ ಹೆಸರು ಬರೆದು ಕೈಮುಗಿಯುತ್ತಾನೆ. ನಮ್ಮ ಸೌಹಾರ್ದದ ಭಾಷಣಗಳೆಲ್ಲ ಸೇರಿ ಹೇಳಲಾಗದ್ದನ್ನು ಆ ಒಂದು ಪದ ಹೇಳಿಬಿಡುತ್ತದೆ. ಷರೀಫರ ಹಾಡಿನ ಪಲ್ಲವಿಯನ್ನು ಯಾರೂ ಹಾಡಬಹುದು, ಅದರಲ್ಲಿ ಅವರು ಯಾರೆಂಬುದು ಗೊತ್ತಾಗುವುದಿಲ್ಲ. ಅವರು ಯಾರು, ಎಲ್ಲಿಯವರು, ಯಾರಿಗೆ ತಲೆಬಾಗಿದವರು ಎಂಬುದು ಕೊನೆಯ ಚರಣದಲ್ಲಿದೆ. ಅದನ್ನು ಕತ್ತರಿಸಿದರೆ ಉಳಿಯುವುದು ಒಂದು ಒಳ್ಳೆಯ ರಾಗ, ಒಂದಿಷ್ಟು ಒಗಟಿನಂಥ ಮಾತು.

ಉರ್ದು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಜಲ್‌ನ ಕೊನೆಯ ಶೇರ್ ಮಕ್ತಾ. ಕವಿ ಅಲ್ಲಿ ತನ್ನ ತಖಲ್ಲುಸ್ ಇಡುತ್ತಾನೆ, ಸಭೆಯಲ್ಲಿ ಕುಳಿತವರು ಅದಕ್ಕಾಗಿ ಕಾದಿರುತ್ತಾರೆ. ಮಕ್ತಾ ಹಾಡದೆ ಎದ್ದ ಗಾಯಕನನ್ನು ಸಭೆ ಹೇಗೆ ನೋಡೀತು?

1902ರಲ್ಲಿ ಕಲ್ಕತ್ತದಲ್ಲಿ ಭಾರತದ ಮೊದಲ ಗ್ರಾಮಫೋನ್ ಧ್ವನಿಮುದ್ರಣಗಳಾದಾಗ ಗೌಹರ್ ಜಾನ್ ಹಾಡಿದರು. ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾಗದ ವಿಸ್ತಾರವನ್ನೆಲ್ಲ ಅದರೊಳಗೆ ಅಡಕಿಸಿ, ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ. ಈ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ವಿದುಷಿಯಾಗಿದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಮೂರು ನಿಮಿಷದಲ್ಲಿ ಹೆಸರಿಗೆ ಜಾಗವಿತ್ತು. ನಮ್ಮ ಹದಿನಾಲ್ಕು ನಿಮಿಷದಲ್ಲಿ ಇರಲಿಲ್ಲ. ಇದಕ್ಕಿಂತ ದೊಡ್ಡ ನಾಚಿಕೆ ನಮಗೆ ಬೇಕಿರಲಿಲ್ಲ.

ನಮ್ಮ ಮುಂದಿದ್ದವರು

ಕನ್ನಡದಲ್ಲಿ ಆಲ್ಬಂ ಎಂಬುದರ ಚರಿತ್ರೆ ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿ ಶುರುವಾಗಿತ್ತು. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಹೆಸರಾಗಿದೆ. ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಕವಿ ಕೆ.ಎಸ್. ನಿಸಾರ್ ಅಹಮದ್, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯ ದೇವನಹಳ್ಳಿಯಲ್ಲಿ ಹುಟ್ಟಿದವರು. ಕ್ಯಾಸೆಟ್ಟಿನ ಹೆಸರು ಕವಿಯ ಸಂಕಲನದ ಹೆಸರೇ. ಸುಗಮ ಸಂಗೀತದ ಬಗ್ಗೆ ಎಷ್ಟೇ ಟೀಕೆ ಮಾಡಬಹುದು, ಅದು ಮಧ್ಯಮವರ್ಗದ ಡ್ರಾಯಿಂಗ್ ರೂಮಿನ ಸಂಗೀತವಾಯಿತು ಎನ್ನಬಹುದು. ಆದರೆ ಕವಿಯ ಹೆಸರು ಹೇಳದೆ ಅದು ಹಾಡು ಶುರುಮಾಡಲಿಲ್ಲ. ಆ ಶಿಸ್ತು ಅದಕ್ಕಿತ್ತು.

ಸಿ. ಅಶ್ವಥ್ ಅವರು 1990ರ 'ಸಂತ ಶಿಶುನಾಳ ಷರೀಫ' ಚಿತ್ರದ ಮೂಲಕ ಷರೀಫರನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂದು ಭಾರೀ ಜನಸ್ತೋಮದ ಮುಂದೆ ಹಾಡಿದರು. ವಾದ್ಯವೃಂದ ಎಷ್ಟೇ ದೊಡ್ಡದಾಗಲಿ, ಕಂಠ ಎಷ್ಟೇ ಮೇಲಕ್ಕೇರಲಿ, ಅವರ ಬಾಯಲ್ಲಿ ಮಾತು ಒಡೆಯುತ್ತಿರಲಿಲ್ಲ. 2008ರಲ್ಲಿ ಮೈಸೂರಿನ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಷರೀಫರನ್ನು ಗಿಟಾರಿನ ಜೊತೆ ಕೂರಿಸಿದರು. ಕನ್ನಡ ಪಾಠವನ್ನು ಕಷ್ಟಪಟ್ಟು ಮುಗಿಸಿದ ಎಷ್ಟೋ ಹುಡುಗರು ಅಲ್ಲಿಂದ ಷರೀಫರನ್ನು ಹುಡುಕಿಕೊಂಡು ಹೋದರು. ನಾವೂ ಹಾಗೆ ಹೋದವರೇ. ಉತ್ತರದಲ್ಲಿ 2004ರ ಹೊತ್ತಿಗೆ ರಬ್ಬಿ ಶೇರ್ಗಿಲ್ ಬುಲ್ಲೇ ಶಾಹರ ಪಂಜಾಬಿ ಪದವೊಂದನ್ನು ಸರಳ ರಾಕ್ ಹಾಡಾಗಿಸಿ ಇಡೀ ದೇಶ ಗುನುಗುವಂತೆ ಮಾಡಿದರು. ಅಲ್ಲಿ ಕವಿಯ ಹೆಸರು ಪಲ್ಲವಿಯಲ್ಲೇ ಇದ್ದುದರಿಂದ ಕತ್ತರಿಸುವ ದಾರಿಯೇ ಇರಲಿಲ್ಲ!

ನಮ್ಮ ಜಗಳ ಇವರ ಜೊತೆಯಲ್ಲ. ಇವರು ತೆರೆದ ಬಾಗಿಲಲ್ಲಿ ಆಮೇಲೆ ನುಗ್ಗಿದ ನಮ್ಮಂಥವರ ಜೊತೆ. ನಮಗೆ ಷರೀಫರು, ತಾತಯ್ಯ, ಕಬೀರರು ಕಚ್ಚಾ ಸಾಮಾನುಗಳಾದರು. ಪಲ್ಲವಿ ತೆಗೆದುಕೊಂಡೆವು, ಅದನ್ನು ಹತ್ತು ಸಲ ತಿರುಗಿಸಿದೆವು, ನಡುವೆ ನಮ್ಮ ಕೈಚಳಕ ತೋರಿದೆವು, ಚಪ್ಪಾಳೆ ಬಂದಾಗ ನಿಲ್ಲಿಸಿದೆವು. ಭಿತ್ತಿಪತ್ರದಲ್ಲಿ 'ಸೂಫಿ ಫ್ಯೂಷನ್' ಎಂದು ಬರೆಸಿದೆವು. ಇಂಟರ್ನೆಟ್ಟಿನಲ್ಲಿ ಹಾಡು ಏರಿಸುವಾಗ ರಚನೆ ಯಾರದೆಂದು ಕೇಳುವ ಜಾಗದಲ್ಲಿ 'ಸಾಂಪ್ರದಾಯಿಕ' ಎಂದು ತುಂಬಿದೆವು. ಹೆಸರಿದ್ದ ಕವಿಯನ್ನು ಹೆಸರಿಲ್ಲದವನನ್ನಾಗಿ ಮಾಡಲು ಇಷ್ಟು ಸಾಕು. ಲೇಖಕ ತೀರಿಕೊಂಡು ಅರವತ್ತು ವರ್ಷ ಕಳೆದರೆ ನಮ್ಮ ಕಾನೂನಿನಲ್ಲಿ ಗ್ರಂಥಸ್ವಾಮ್ಯ ಮುಗಿಯುತ್ತದೆ. ಹಣ ಕೊಡಬೇಕಿಲ್ಲ ನಿಜ. ಹೆಸರು ಹೇಳಲು ಯಾರಪ್ಪನ ಗಂಟು ಹೋಗುತ್ತದೆ?

ಮಾರುಕಟ್ಟೆಯ ಕತ್ತರಿಯೂ ಇದೇ ಜಾಗದಲ್ಲಿ ಬೀಳುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಸ್ಪಾಟಿಫೈನಂಥ ಕಡೆ ಕೇಳುಗ ಮೂವತ್ತು ಸೆಕೆಂಡು ನಿಂತರೆ ಹಾಡು ಒಮ್ಮೆ ಕೇಳಿದ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಆಕರ್ಷಣೆಯೆಲ್ಲ ಮೊದಲ ಅರ್ಧ ನಿಮಿಷಕ್ಕೆ ಬಂದು ಕೂರುತ್ತದೆ. ಕೊನೆಯ ಚರಣ ಯಾರಿಗೂ ಬೇಡದ ಹಿರಿಯರಂತೆ ಹಿತ್ತಲಿನಲ್ಲಿ ಉಳಿಯುತ್ತದೆ. ವ್ಯಾಪಾರಿ ಮೂವತ್ತು ಸೆಕೆಂಡಿಗಾಗಿ ಕತ್ತರಿಸುತ್ತಾನೆ, ನಮ್ಮಂಥ ಪಂಡಿತರು ಮೂರು ನಿಮಿಷದ ಸೋಲೋಗಾಗಿ ಕತ್ತರಿಸುತ್ತೇವೆ. ನಾವು ವ್ಯಾಪಾರಿಯನ್ನು ಬೈಯುತ್ತಿದ್ದೆವು. ಹೋಗುವುದು ಮಾತ್ರ ಇಬ್ಬರ ಕೈಯಲ್ಲೂ ಅಂಕಿತವೇ.

ಇಬ್ಬರು ಕಾವಲುಗಾರರು

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯಿಂದ ಕೆಲವರು ಸಂತೋಷಪಡಬಹುದು. "ನೋಡಿ, ನಾವು ಹೇಳಿರಲಿಲ್ಲವೇ? ತತ್ವಪದಕ್ಕೆ ತಂಬೂರಿ, ಹಾರ್ಮೋನಿಯಂ ಸಾಕು, ಗಿಟಾರು ಅಪಚಾರ" ಎನ್ನಬಹುದು. ಅವರಿಗೂ ಒಂದು ಮಾತು. ಹಾರ್ಮೋನಿಯಂ ನಮ್ಮದೇ? ಅದು ಯುರೋಪಿನಿಂದ ಬಂದದ್ದು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ಮೂರು ದಶಕ ನಡೆದ ಆ ನಿಷೇಧ 1971ರಲ್ಲಿ ಸಡಿಲಾಯಿತು. ಅಷ್ಟೂ ಕಾಲ ನಮ್ಮ ಹಳ್ಳಿಗಳ ಭಜನೆಯ ಮನೆಗಳು ಹಾರ್ಮೋನಿಯಂ ಬಿಡಲಿಲ್ಲ. ಕರ್ನಾಟಕ ಸಂಗೀತದ ಪಿಟೀಲೂ ಪಶ್ಚಿಮದಿಂದ ಬಂದದ್ದೇ. ವಾದ್ಯ ಯಾವ ದೇಶದ್ದು ಎಂಬುದು ಪ್ರಶ್ನೆಯಾಗಬಾರದು. ಅದು ಹಾಡಿಗೆ ದಾರಿ ಬಿಡುತ್ತದೆಯೇ, ಹಾಡಿನ ಮೇಲೆ ಕೂರುತ್ತದೆಯೇ ಎಂದು ಕೇಳಬೇಕು.

ಇನ್ನೊಬ್ಬ ಕಾವಲುಗಾರ ನಮ್ಮ ಸಮುದಾಯದೊಳಗೇ ಇದ್ದಾನೆ. ಇಸ್ಲಾಮಿನಲ್ಲಿ ಸಂಗೀತದ ಸ್ಥಾನದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತ ಇಂದು ನಿನ್ನೆಯದಲ್ಲ. ಇಮಾಂ ಗಝಾಲಿಯವರು 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಸಮಾದ ಬಗ್ಗೆಯೇ ಒಂದು ಭಾಗ ಬರೆದು, ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತೂಗಿ ನೋಡಿದ್ದಾರೆ. ಚಿಶ್ತಿಯಾ ಪರಂಪರೆ ಖವಾಲಿಯನ್ನು ಎದೆಗಪ್ಪಿಕೊಂಡಿತು, ಬೇರೆಯವರು ದೂರವಿಟ್ಟರು. ಸಂಗೀತ ಬೇಡ ಎನ್ನುವವರ ಪ್ರಾಮಾಣಿಕ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ನಾವು ಮುಫ್ತಿಗಳಲ್ಲ. ಆದರೆ 2013ರಲ್ಲಿ ಶ್ರೀನಗರದ 'ಪ್ರಗಾಶ್' ಎಂಬ ಹುಡುಗಿಯರ ರಾಕ್ ತಂಡ ಬೆದರಿಕೆ, ಫತ್ವಾಗಳ ನಡುವೆ ವಾದ್ಯ ಕೆಳಗಿಟ್ಟಾಗ, 2017ರಲ್ಲಿ ಕನ್ನಡದ ಟಿವಿ ಸ್ಪರ್ಧೆಯೊಂದರಲ್ಲಿ ಭಕ್ತಿಗೀತೆ ಹಾಡಿದ ಮುಸ್ಲಿಂ ಯುವತಿಯ ಮೇಲೆ ಸಾಮಾಜಿಕ ಜಾಲತಾಣದಲ್ಲಿ ನಿಂದೆ ಸುರಿದಾಗ, ಅಲ್ಲಿ ನಡೆದದ್ದು ಶಾಸ್ತ್ರಚರ್ಚೆಯಾಗಿರಲಿಲ್ಲ. ಹಾಡುವ ಹುಡುಗಿಯನ್ನು ಹೆದರಿಸುವುದಕ್ಕೆ ಯಾವ ಗ್ರಂಥದ ಆಧಾರವೂ ಬೇಕಿಲ್ಲ, ಒಂದು ಮೊಬೈಲು ಸಾಕು. ಇತ್ತ ತಾತಯ್ಯನ ಪದ ಮುಸ್ಲಿಂ ಹುಡುಗನ ಬಾಯಲ್ಲಿ ಏಕೆ ಎಂದು ಹುಬ್ಬೇರಿಸುವವರೂ ಅದೇ ಮೊಬೈಲು ಹಿಡಿದವರು.

ಈ ಇಬ್ಬರಿಗೂ ಅಂಕಿತ ಇಷ್ಟವಾಗುವುದಿಲ್ಲ. ಷರೀಫರ ಕೊನೆಯ ಚರಣದಲ್ಲಿ ಬಸವಣ್ಣ ಬರುತ್ತಾನೆ ಎಂದು ಒಬ್ಬರಿಗೆ ಇರಿಸುಮುರಿಸು. ಆ ಬಸವಣ್ಣನನ್ನು ಕರೆದವನು ಷರೀಫ ಎಂದು ಇನ್ನೊಬ್ಬರಿಗೆ ಇರಿಸುಮುರಿಸು. ಅವರು ಬಯಸುವ ಕತ್ತರಿ ಪ್ರಯೋಗವನ್ನು ನಾವು ಸೋಲೋ ನುಡಿಸುವ ಭರದಲ್ಲಿ, ಯಾವ ದುರುದ್ದೇಶವೂ ಇಲ್ಲದೆ, ಮಾಡಿ ಮುಗಿಸಿಕೊಡುತ್ತಿದ್ದೇವೆ. ಇದನ್ನು ಬರಿಯ ಸಂಗೀತದ ರುಚಿಯ ಪ್ರಶ್ನೆ ಎಂದು ಬಿಟ್ಟುಬಿಡಲು ನಮಗೆ ಸಾಧ್ಯವಾಗದಿರುವುದು ಈ ಕಾರಣಕ್ಕೆ.

ವಾದಕರ ಹೆಸರೂ ಅಂಕಿತವೇ

ನಮ್ಮ ಜಿಲ್ಲೆಯ ಇನ್ನೊಂದು ಉದಾಹರಣೆ ಕೊಡದೆ ಈ ಮಾತು ಮುಗಿಯದು. ಶಿಡ್ಲಘಟ್ಟ ತಾಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ವಾದಕ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಊರಿನ ಜಾತ್ರೆಗೂ ಬೇಕು, ಸಾವಿಗೂ ಬೇಕು, ಆದರೆ ನುಡಿಸುವವರು ಮಾತ್ರ ಹೊರಗೆ ನಿಲ್ಲಬೇಕು ಎಂಬಂತಿದ್ದ ವಾದ್ಯಕ್ಕೆ ಸಂದ ಗೌರವ ಅದು. ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿಗೊಳಿಸಿ ಶ್ರುತಿಗೆ ತರುತ್ತಾರೆ. ಆ ಸದ್ದಿನ ಮುಂದೆ ನಮ್ಮ ಡ್ರಮ್ ಕಿಟ್ಟು ಮೆತ್ತಗಾಗುತ್ತದೆ.

ಫ್ಯೂಷನ್ ತಂಡಗಳು ತಮಟೆಯನ್ನು ಹ್ಯಾಗೆ ಬಳಸುತ್ತವೆ ನೋಡಿ. ಹಾಡಿನ ನಡುವೆ ಒಂದು ನಿಮಿಷ 'ಜಾನಪದದ ಸೊಗಡು' ಬೇಕಾದಾಗ ಇಬ್ಬರು ತಮಟೆಯವರನ್ನು ವೇದಿಕೆಗೆ ಕರೆಯುತ್ತಾರೆ. ಬಣ್ಣದ ಪೇಟ ಸುತ್ತಿಸುತ್ತಾರೆ. ಬಾರಿಸಿ ಇಳಿದ ಮೇಲೆ ನಿರೂಪಕ ಗಿಟಾರಿನವನ ಹೆಸರು ಹೇಳುತ್ತಾನೆ, ಕೀಬೋರ್ಡಿನವನ ಹೆಸರು ಹೇಳುತ್ತಾನೆ, "ಹಾಗೂ ನಮ್ಮ ಜಾನಪದ ಕಲಾವಿದರು" ಎಂದು ಮುಗಿಸುತ್ತಾನೆ. ಕವಿಯ ಅಂಕಿತ ಕತ್ತರಿಸಿದ ಕೈಯೇ ವಾದಕನ ಹೆಸರನ್ನೂ ಕತ್ತರಿಸುತ್ತದೆ. ನಮ್ಮ ಹದಿನಾಲ್ಕು ನಿಮಿಷದಲ್ಲೂ ತಮಟೆ ಇತ್ತು, ನಲವತ್ತು ಸೆಕೆಂಡು. ಈಗಿನ ಆರೂವರೆ ನಿಮಿಷದಲ್ಲಿ ಅದು ಮೊದಲ ಚರಣದಿಂದ ಕೊನೆಯವರೆಗೂ ಇದೆ. ತಮಟೆ ಏನು ಹೇಳುತ್ತದೋ ಅದರ ಹಿಂದೆ ಡ್ರಮ್ಸ್ ನಡೆಯುತ್ತದೆ. ನುಡಿಸಿದವರ ಹೆಸರು ಆಲ್ಬಮ್ಮಿನ ಮೇಲೆ ನಮ್ಮ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರುತ್ತದೆ.

ಭಾಷೆಯ ವಿಷಯದಲ್ಲೂ ನಾವು ಒಂದು ಪಾಠ ಕಲಿತೆವು. ನಮ್ಮ ನಾಲ್ಕು ಊರುಗಳಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಪಕ್ಕದ ಗಲ್ಲಿಯಲ್ಲಿ ದಖನಿ ಉರ್ದು. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾದಲ್ಲಿ ನಿಂತರೆ ಮೂರೂ ಭಾಷೆಯ ಹರಕೆಗಳು ಕೇಳುತ್ತವೆ. ಕನ್ನಡ ಆಲ್ಬಂ ಎಂದ ಮೇಲೆ ತಾತಯ್ಯನ ತೆಲುಗು ಪದಗಳನ್ನು ಅನುವಾದಿಸಿ ಹಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಿ ನೋಡಿದೆವು, ಪದ ನಾಲಿಗೆಯ ಮೇಲೆ ಕುಂಟಿತು. ಈಗ ತೆಲುಗಿನದು ತೆಲುಗಿನಲ್ಲೇ ಇದೆ, ಕನ್ನಡದ್ದು ಕನ್ನಡದಲ್ಲಿದೆ. ಗಡಿಸೀಮೆಯ ಕನ್ನಡ ಹೀಗೇ ಇರುವುದು. ಇದರಿಂದ ಕನ್ನಡ ಬಡವಾಗುವುದಿಲ್ಲ.

ಬಿಡುವುದೂ ಒಂದು ವಿದ್ಯೆ

ಗೆಳೆಯರ ಆಕ್ಷೇಪಕ್ಕೆ ಮರಳೋಣ. ಹಾಡನ್ನು ಮುಂದಿಟ್ಟರೆ ಸಂಗೀತ ಸುಲಭವಾಗುತ್ತದೆ ಎಂಬುದು ಅವರ ತಿಳಿವಳಿಕೆ. ನಮ್ಮ ಅನುಭವ ಬೇರೆ. ಹದಿನಾಲ್ಕು ನಿಮಿಷದ ರಚನೆಯಲ್ಲಿ ನಮಗೆ ತೋಚಿದ್ದನ್ನೆಲ್ಲ ಇಡಬಹುದಿತ್ತು. ಆರೂವರೆ ನಿಮಿಷದಲ್ಲಿ ಪ್ರತಿ ಸ್ವರಕ್ಕೂ ಲೆಕ್ಕ ಕೊಡಬೇಕು. ಮಾತು ನಡೆಯುವಾಗ ಗಿಟಾರು ಎಲ್ಲಿ ಸುಮ್ಮನಿರಬೇಕು, ಚರಣದಿಂದ ಪಲ್ಲವಿಗೆ ಮರಳುವಾಗ ಏಳರ ನಡೆ ಕೇಳುಗನಿಗೆ ಎಡವದಂತೆ ಹೇಗೆ ಜಾರಬೇಕು, ಇವಕ್ಕೆ ತಿಂಗಳುಗಳು ಹಿಡಿದವು. ಸೋಲೋದ ಮೂರು ನಿಮಿಷವನ್ನು ಒಂದೇ ರಾತ್ರಿಯಲ್ಲಿ ನುಡಿಸಿದ್ದೆವು, ಅದನ್ನು ಎಂಟು ಆವರ್ತಕ್ಕೆ ಇಳಿಸಲು ಆರು ವಾರ ಬೇಕಾಯಿತು.

ಶಿಡ್ಲಘಟ್ಟದ ಬಿಚ್ಚಾಣಿಕೆದಾರರನ್ನು ಕೇಳಿ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದ ಮೇಲೆ ಮೊದಲ ಕೆಲಸ ಎಳೆಯ ತುದಿ ಹುಡುಕುವುದು. ತುದಿ ಸಿಕ್ಕಿದರೆ ಒಂದು ಗೂಡಿನಿಂದ ನೂರಾರು ಮೀಟರು ಎಳೆ ತುಂಡಾಗದೆ ಬರುತ್ತದೆ. ಹಲವು ಗೂಡಿನ ಎಳೆ ಕೂಡಿದಾಗ ಒಂದು ನೂಲು. ಒಂದು ಎಳೆ ಮುಗಿದರೆ ಕೂಡಲೇ ಇನ್ನೊಂದನ್ನು ಜೋಡಿಸಬೇಕು, ಇಲ್ಲದಿದ್ದರೆ ನೂಲು ಸಣ್ಣದಾಗುತ್ತದೆ, ಮಗ್ಗದ ಮೇಲೆ ಹರಿಯುತ್ತದೆ. ಯಾವ ಗೂಡಿನ ಎಳೆಯೂ ತಾನು ಬೇರೆ ಎಂದು ಎದ್ದು ಕಾಣುವಂತಿಲ್ಲ. ದಿನವಿಡೀ ಈ ಕೆಲಸ ಮಾಡಿದ ಕೈಗಳಿಗೆ ನಮ್ಮ ಹಾಡಿನಲ್ಲಿ ಎಳೆ ಎಲ್ಲಿ ಹರಿದಿದೆ ಎಂದು ತಿಳಿಯದೇ ಇದ್ದೀತೆ?

ಆದ್ದರಿಂದ ಪದಗಳನ್ನು ಇಟ್ಟುಕೊಂಡು ಆಲ್ಬಂ ಮಾಡುವ ಎಲ್ಲ ಗೆಳೆಯರಲ್ಲಿ ನಮ್ಮ ಬೇಡಿಕೆ ಇಷ್ಟೆ. ಅಂಕಿತದ ಚರಣವನ್ನು ಕತ್ತರಿಸಬೇಡಿ. ಸಮಯ ಸಾಲದಿದ್ದರೆ ನಿಮ್ಮ ಸೋಲೋ ಕತ್ತರಿಸಿ. ಹೆಸರಿರುವ ಕವಿಯನ್ನು 'ಸಾಂಪ್ರದಾಯಿಕ' ಎನ್ನಬೇಡಿ. ಒಂದು ನಿಮಿಷ ನುಡಿಸಿದವರ ಹೆಸರನ್ನೂ ಹೇಳಿ. ಇನ್ನು ಧ್ವನಿಮುದ್ರಣಕ್ಕೆ ಮೊದಲು, ಆ ಹಾಡನ್ನು ನಿಮಗಿಂತ ಮುಂಚೆ ಬಲ್ಲವರ ಎದುರು ಒಮ್ಮೆ ಹಾಡಿ. ಅವರು ಕೇಳುವ ಪ್ರಶ್ನೆ ಯಾವ ವಿಮರ್ಶಕನೂ ಕೇಳಲಾರ.

ಓದುಗರಲ್ಲೂ ಒಂದು ವಿನಂತಿ. ಮುಂದಿನ ಸಲ ಯಾವುದಾದರೂ ವೇದಿಕೆಯಲ್ಲಿ, ಮೊಬೈಲಿನಲ್ಲಿ ಷರೀಫರ ಹಾಡೋ ತಾತಯ್ಯನ ಹಾಡೋ ಕೇಳಿದಾಗ, ಚಪ್ಪಾಳೆಗೆ ಮೊದಲು ಸ್ವಲ್ಪ ಕಾಯಿರಿ. ಕೊನೆಯ ಚರಣ ಬಂದರೆ ಸಂತೋಷ. ಬರದಿದ್ದರೆ ಹಾಡಿದವರನ್ನು ನಿಲ್ಲಿಸಿ ಕೇಳಿ: ಎಲ್ಲಾ ಚೆನ್ನಾಗಿತ್ತು ಕಣ್ರಪ್ಪಾ, ತಾತಯ್ಯ ಯಾಕೆ ಬರಲಿಲ್ಲ?